ಸಹಾಯ ಬೇಕು: ತಮ್ಮನ ಕಾಯಿಲೆ ನಡುವೆ ಮಗಳು ಮಾತೇ ಕಮ್ಮಿ ಮಾಡಿದ್ದಾಳೆ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ಕಡೆಯವರು. 6 ವರ್ಷದ ಮಗನಿಗೆ ಥಲಸ್ಸೀಮಿಯಾ ಮೇಜರ್, ಅಂದ್ರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಅದರಿಂದ ಮೈಯಲ್ಲಿ ಸೇರೋ ಕಬ್ಬಿಣಾಂಶ ಇಳಿಸೋ ಮಾತ್ರೆ ದಿನಾ ಕೊಡಬೇಕು. ಅದು ಹೇಗೋ ನಡೀತಿದೆ. ನಾನು ಕೇಳ್ತಿರೋದು 10 ವರ್ಷದ ಮಗಳ ಬಗ್ಗೆ.

ಕಳೆದ ವರ್ಷ ಅಸ್ಥಿಮಜ್ಜೆ ಕಸಿಗೆ ಅಂತ ಅವಳ ಎಚ್‌ಎಲ್‌ಎ ಪರೀಕ್ಷೆ (ಅವಳ ಮಜ್ಜೆ ತಮ್ಮನಿಗೆ ಹೊಂದುತ್ತಾ ಅಂತ ನೋಡೋದು) ಮಾಡಿಸಿದ್ವಿ, ಹೊಂದಲಿಲ್ಲ. ಒಡಹುಟ್ಟಿದವರಲ್ಲೂ ಪೂರ್ತಿ ಹೊಂದೋ ಸಾಧ್ಯತೆ ಶೇ. 25 ಅಷ್ಟೇ ಅಂತ ಡಾಕ್ಟ್ರು ನಮಗೆ ಹೇಳಿದ್ರು; ನಾವು ಅವಳಿಗೆ ಬಿಡಿಸಿ ಹೇಳಲಿಲ್ಲ. ಅಲ್ಲೇ ತಪ್ಪಿದ್ವಿ. ಈಗ ಆಸ್ಪತ್ರೆ ದಿನ ತಾನೇ ಜಡೆ ಹಾಕ್ಕೊಂಡು, ಡಬ್ಬಿಗೆ ಚಿತ್ರಾನ್ನ ತುಂಬ್ಕೊಂಡು ಶಾಲೆಗೆ ಹೊರಡ್ತಾಳೆ. ನೋಡಿದವರು ಎಷ್ಟು ಜಾಣೆ ಅಂತಾರೆ, ನನಗೆ ಕರುಳು ಚುರುಕ್ ಅನ್ನುತ್ತೆ. ಮೊನ್ನೆ ರಾತ್ರಿ ದೀಪ ಆರಿಸಿದ ಮೇಲೆ, "ಅಮ್ಮಾ, ನನ್ನ ರಕ್ತ ಸರಿಯಿಲ್ವಾ?" ಅಂದ್ಲು.

ಅವಳ ತಪ್ಪಲ್ಲ ಅಂತ ಈ ವಯಸ್ಸಿಗೆ ಹೇಗೆ ವಿವರಿಸೋದು? ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಾನೇ ಫೋನ್ ಮಾಡಲಾ, ಇಲ್ಲ ನೇರ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಲಾ? ಕಾಯಿಲೆಯ ತಮ್ಮನೋ ತಂಗಿಯೋ ಇದ್ದ ಮನೇಲಿ ಬೆಳೆದ ಅಕ್ಕಂದಿರು, ಅಣ್ಣಂದಿರು ಇಲ್ಲಿದ್ರೆ, ಆಗ ನಿಮಗೆ ಅಮ್ಮನಿಂದ ಏನು ಬೇಕಿತ್ತು ಅಂತ ದಯವಿಟ್ಟು ಬರೀರಿ.