ರಾತ್ರಿ ಹತ್ತಕ್ಕೆ ಮಾರತ್ತಹಳ್ಳಿಯಿಂದ ಹೊರಮಾವು: ದಿನಾ ಬಸ್ಸಲ್ಲಿ ಓಡಾಡೋ ಅಕ್ಕಂದಿರು ಸ್ವಲ್ಪ ಹೇಳಿ

ನಾನು ಚಿತ್ರದುರ್ಗದವಳು, ಬೆಂಗಳೂರಿಗೆ ಬಂದು ಎರಡು ತಿಂಗಳಾಯ್ತು. ಮಾರತ್ತಹಳ್ಳೀಲಿ ಒಂದು ಲ್ಯಾಬಲ್ಲಿ ಕೆಲ್ಸ, ಸೆಕೆಂಡ್ ಶಿಫ್ಟ್ ಮುಗಿಯೋದು ಒಂಬತ್ತೂವರೆ, ಪಿಜಿ ಹೊರಮಾವು ಒಳಗಡೆ, 500ಡಿ ಹಿಡ್ಕೊಂಡು ಹೋಗ್ತೀನಿ. ಕಳೆದ ಗುರುವಾರ ರಶ್ಶಲ್ಲಿ ಹಿಂದೆ ನಿಂತಿದ್ದವನು ಬ್ರೇಕ್ ಹಾಕ್ದಾಗೆಲ್ಲ ಮೈಮೇಲೆ ಬೀಳ್ತಿದ್ದ, ಆಮೇಲೆ ಬ್ರೇಕ್ ಹಾಕ್ದೇ ಇದ್ದಾಗ್ಲೂ ಬಿದ್ದ. ನಂಗೆ ಬಾಯೇ ಬರ್ಲಿಲ್ಲ. ಟಿನ್ ಫ್ಯಾಕ್ಟರೀಲಿ ಇಳಿದು ಅಳ್ತಾ ಆಟೋಲಿ ಹೋದೆ. ಅಮ್ಮಂಗೆ ಹೇಳಿದ್ರೆ ಊರಿಗೆ ವಾಪಸ್ ಬಾ ಅಂತಾರೆ. ನೀವೆಲ್ಲ ಏನ್ ಮಾಡ್ತೀರಾ?

ಪೀಣ್ಯದ ಅಕ್ಕ:
ಇಳಿದಿದ್ದಕ್ಕೆ ಬೇಜಾರ್ ಮಾಡ್ಕೋಬೇಡ ಪುಟ್ಟಿ, ಮೊದಲನೇ ಸಲ ಎಲ್ಲರಿಗೂ ಹಂಗೇ ಆಗೋದು. ಗಾರ್ಮೆಂಟ್ಸ್‌ಗೆ ಹನ್ನೆರಡು ವರ್ಷದಿಂದ ಬಸ್ಸಲ್ಲೇ ಹೋಗ್ತಿದೀನಿ. ಲೇಡೀಸ್ ಸೀಟು ಮುಗಿದು ಗಂಡಸರ ಸೀಟು ಶುರುವಾಗೋ ಜಾಗ ಇದ್ಯಲ್ಲ, ಅದು ಬಾರ್ಡರ್ ಇದ್ದಂಗೆ, ನಂಗೆ ಆಗಿದ್ದೆಲ್ಲ ಅಲ್ಲೇ. ಮುಂದಿನ ಬಾಗ್ಲಲ್ಲಿ ಹತ್ತು, ಹಿಂದಿನವ್ರು ಎಷ್ಟೇ ತಳ್ಳಲಿ ಆ ಬಾರ್ಡರ್‌ವರೆಗೂ ಹೋಗ್ಬೇಡ. ಯಾವ್ದಾದ್ರೂ ಸೀಟಿನ ಪಕ್ಕಕ್ಕೆ ಸೊಂಟ ಒರಗಿಸಿ ಅಡ್ಡಡ್ಡ ನಿಂತ್ಕೊ, ಹಿಂದೆ ಜಾಗಾನೇ ಕೊಡ್ಬೇಡ. ಎಲ್ರೂ ಪಿನ್ನು ಇಟ್ಕೋ ಅಂತಾರೆ, ನಾನೂ ಇಟ್ಕೊಂಡಿದ್ದೆ, ಹಂಪ್ ಬಂದಾಗ ನನ್ ಬೆರಳಿಗೇ ಚುಚ್ಕೊಂಡೆ.

ಕಂಡಕ್ಟರ್ (ಡಿಪೋ ಹೆಸರು ಬೇಡ ಬಿಡಿ):
ಎಂಟು ವರ್ಷ ಸರ್ವೀಸ್ ಆಗಿದೆ, ನಮ್ ಕಡೆಯಿಂದ ನೋಡಿದ್ರೆ ಹೆಂಗೆ ಕಾಣುತ್ತೆ ಅಂತ ಹೇಳ್ತೀನಿ. ನೀವು "ಏಯ್, ಸರಿಯಾಗ್ ನಿಂತ್ಕೊಳ್ರಿ" ಅಂದ್ರೆ ನಮಗೆ ಏನೂ ಗೊತ್ತಾಗಲ್ಲ ತಂಗಿ, ಸೀಟಿಗೆ ಜಗಳ ಅನ್ಕೊಂಡು ನಾವು ಟಿಕೆಟ್ ಹರಿಯೋದ್ರಲ್ಲಿ ಇರ್ತೀವಿ. "ಕಂಡಕ್ಟ್ರೇ, ನೀಲಿ ಶರ್ಟಿನವನು ಮೈಮೇಲೆ ಕೈ ಹಾಕ್ತಿದಾನೆ, ಗಾಡಿ ನಿಲ್ಸಿ" ಅಂತ ಶರ್ಟಿನ ಕಲರ್ ಹೇಳಿ ಕೂಗಿ. ಕಲರ್ ಹೇಳಿದ ತಕ್ಷಣ ಇಡೀ ಬಸ್ಸು ಅವನ ಕಡೆ ತಿರುಗುತ್ತೆ, ಅವನಿಗೆ ಅಷ್ಟೇ ಸಾಕು, ಎಷ್ಟೋ ಜನ ಮುಂದಿನ ಸ್ಟಾಪಲ್ಲೇ ಜಾರ್ಕೊಳ್ತಾರೆ. ಕೆಂಪು ಪ್ಯಾನಿಕ್ ಬಟನ್ ಇರೋ ಬಸ್ಸಾದ್ರೆ ಒತ್ತಿ, ಏನಾಗುತ್ತೋ ಅಂತ ಹೆದರಬೇಡಿ.
ಇನ್ನೊಂದು, ಜೀರೋ ಟಿಕೆಟ್ ತಾನೇ ಅಂತ ಎಸೀಬೇಡಿ. ಡೇಟು ಟೈಮು ಅದರಲ್ಲಿರುತ್ತೆ, ಕಂಪ್ಲೇಂಟ್ ಕೊಟ್ರೆ ಅವತ್ತು ನೀವು ಆ ಬಸ್ಸಲ್ಲಿದ್ರಿ ಅನ್ನೋಕೆ ಅದೇ ಆಧಾರ. 2023ರ ಜೂನ್ 11ಕ್ಕೆ ಶಕ್ತಿ ಶುರುವಾದ್ಮೇಲೆ ರಶ್ಶು ಜಾಸ್ತಿ ಆಯ್ತು, "ಫ್ರೀಯಾಗಿ ಬರ್ತೀರಾ, ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋರೂ ಜಾಸ್ತಿ ಆದ್ರು, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಈಗ ರಾತ್ರಿ ಟ್ರಿಪ್ಪಲ್ಲೂ ಹೆಂಗಸ್ರು ಇರ್ತಾರೆ, ಒಬ್ಳು ಕೂಗಿದ್ರೆ ನಾಲ್ಕು ಜನ ಎದ್ದು ನಿಲ್ತಾರೆ.

ಹುಬ್ಬಳ್ಳಿ ಹುಡುಗಿ:
ಅಕ್ಕಾರ ಹೇಳಿದ್ದು ಖರೆ. ನಾ ಮೆಟ್ರೋದಾಗ ಹೋಗಾಕಿ, ಮೊದಲನೇ ಡಬ್ಬಿ ನಮಗ ಅಂತ ಐತಿ, ಆರಾಮ ಅನಸ್ತೈತಿ. ಆದ್ರ ಅಲ್ಲೇನು ಎಲ್ಲಾ ಛಲೋ ಐತಿ ಅಂತಲ್ಲ, 2025ರ ಮೇ ತಿಂಗಳದಾಗ ಮೆಟ್ರೋದಾಗಿನ ಹೆಣ್ಮಕ್ಕಳ ವಿಡಿಯೋ ಕದ್ದು ತಗದು ಇನ್‌ಸ್ಟಾಗ್ರಾಂನಾಗ ಹಾಕಾವನ್ನ ಪೊಲೀಸ್ರು ಹಿಡದ್ರಲ್ಲ. ಯಾರೋ ಆ ಅಕೌಂಟ್ ನೋಡಿ ಪೊಲೀಸ್ರಿಗೆ ಟ್ಯಾಗ್ ಮಾಡಿದ್ದಕ್ಕ ಸಿಕ್ಕ, ಇಲ್ಲಂದ್ರ ನಮಗ ಗೊತ್ತ ಆಗ್ತಿದ್ದಿಲ್ಲ.

ಕ್ಯಾಲಿಪರ್ ಹಾಕೋವಳು:
ನಂಗೆ ಪೋಲಿಯೋ ಆಗಿತ್ತು, ಕಾಲಿಗೆ ಆಸರೆಗೆ ಅಂತ ಕ್ಯಾಲಿಪರ್ ಕಟ್ಕೊಂಡೇ ಓಡಾಡೋದು. ರಶ್ಶಿಗಿಂತ ಹತ್ತೋದೇ ನಂಗೆ ದೊಡ್ಡ ಕಥೆ. ಸ್ಟಾಪಲ್ಲಿ ಆಟೋಗಳು ನಿಂತಿರುತ್ವೆ, ಬಸ್ಸು ರಸ್ತೆ ಮಧ್ಯೆ ನಿಲ್ಲುತ್ತೆ, ಫುಟ್‌ಪಾತಿಂದ ಇಳಿದು ಓಡೋಕೆ ನನ್ ಕೈಲಾಗಲ್ಲ. ಆಗ "ಹತ್ತಿಸ್ತೀನಿ ಬನ್ನಿ ಮೇಡಂ" ಅಂತ ಕಂಕುಳಿಗೆ ಕೈ ಹಾಕೋರು ಇರ್ತಾರೆ, ಸಹಾಯ ಯಾವ್ದು, ಇನ್ನೊಂದು ಯಾವ್ದು ಅಂತ ಆ ಕೈಗೇ ಗೊತ್ತು, ಬೈಯೋಕೂ ಆಗಲ್ಲ. ಈಗ ನಾನೇ ಮೊದ್ಲು ಕೈ ಚಾಚಿ ಯಾರಾದ್ರೂ ಹೆಂಗಸರ ಭುಜ ಹಿಡ್ಕೋತೀನಿ. ಫ್ಲೋರ್ ತಗ್ಗಾಗಿರೋ ಎಲೆಕ್ಟ್ರಿಕ್ ಬಸ್ಸು ಬಂದ್ರೆ ಯಾರ ಕೈಯೂ ಬೇಡ, ಅದಕ್ಕೋಸ್ಕರ ಅರ್ಧ ಗಂಟೆ ಕಾಯೋದೂ ಉಂಟು.

ಲಾ ಓದ್ತಿರೋ ತಮ್ಮ:
ಅಕ್ಕ, ಇದು ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದಿರೋ ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 74, 75ಕ್ಕೆ ಬರುತ್ತೆ, ಅಂದ್ರೆ ಹೆಣ್ಮಕ್ಕಳ ಮಾನಕ್ಕೆ ಕೈ ಹಾಕೋದು, ಲೈಂಗಿಕ ಕಿರುಕುಳ. ನಮ್ ಅತ್ತಿಗೆ ಒಂದ್ಸಲ ಹೋದಾಗ ಸ್ಟೇಷನ್‌ನೋರು "ಬಸ್ಸು ಯಾವ ಲಿಮಿಟ್ಸಲ್ಲಿ ಇತ್ತು?" ಅಂತ ಸುತ್ತಾಡಿಸಿದ್ರು. ಎಲ್ಲಿ ನಡೆದಿದ್ರೂ ಯಾವ ಸ್ಟೇಷನ್ನಲ್ಲಾದ್ರೂ ಕಂಪ್ಲೇಂಟ್ ಕೊಡಬಹುದು, ಝೀರೋ ಎಫ್‌ಐಆರ್ ಅಂತಾರೆ, ಮತ್ತೆ ಇಂಥ ಕೇಸಲ್ಲಿ ನಿಮ್ ಹೇಳಿಕೆ ಬರ್ಕೊಳ್ಳೋದು ಮಹಿಳಾ ಅಧಿಕಾರೀನೇ ಆಗ್ಬೇಕು. ಆ ಕ್ಷಣಕ್ಕೆ 112 ಸಾಕು, ಬಸ್ಸಿನ ನಂಬರ್ ಪ್ಲೇಟ್ ಹೇಳಿ, ರೂಟ್ ನಂಬರ್ ಒಂದೇ ಹೇಳಿದ್ರೆ 500ಡಿ ಸಾಲಾಗಿ ಹತ್ತು ಇರುತ್ವೆ.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್, ಓದ್ತಾ ಓದ್ತಾ ಮತ್ತೆ ಅಳು ಬಂತು, ಆದ್ರೆ ಬೇರೆ ಥರದ್ದು. ನಿನ್ನೆ ಡ್ರೈವರ್ ಹಿಂದಿನ ಸೀಟಿಗೆ ಒರಗಿ ನಿಂತಿದ್ದೆ, ಏನೂ ಆಗ್ಲಿಲ್ಲ. ಸ್ಟಾಪಿಂದ ಪಿಜಿವರೆಗಿನ ಹದಿನೈದು ನಿಮಿಷ ಮಾತ್ರ ಇನ್ನೂ ಭಯಾನೇ, ಮೂರು ಬೀದಿದೀಪ ಕೆಟ್ಟು ಎಷ್ಟು ದಿನ ಆಯ್ತೋ, ಅದಕ್ಕೆ ಯಾರಿಗೆ ಹೇಳೋದು ಗೊತ್ತಿದ್ರೆ ತಿಳಿಸಿ. ಮತ್ತೆ ಕಂಡಕ್ಟರ್ ಅಕ್ಕ, ನೀವು ಹೇಳಿದ್ದನ್ನ ರಾತ್ರಿ ರೂಮಲ್ಲಿ ಪ್ರಾಕ್ಟೀಸ್ ಮಾಡ್ದೆ, "ನೀಲಿ ಶರ್ಟಿನವನು" ಅಂತ ಜೋರಾಗಿ ಕೂಗಿದ್ದೇ ತಡ ಪಕ್ಕದ ರೂಮಿನವಳು ಚಪ್ಪಲಿ ಹಿಡ್ಕೊಂಡು ಓಡಿಬಂದ್ಲು.