ಸಹಾಯ ಬೇಕು: ರೇಷ್ಮೆ ಎಳೆ ಮತ್ತು ಒಂದು ಮೈಕ್ರೋಸ್ಕೋಪ್

ಚಿಕ್ಕಬಳ್ಳಾಪುರದ ಗೆಳೆಯರೇ, ಬಟ್ಟೆಯ ಎಳೆ ಅಪರಾಧ ತನಿಖೆಯಲ್ಲಿ ಹೇಗೆ ಸಾಕ್ಷಿಯಾಗುತ್ತದೆ ಅಂತ ನಮ್ಮ ಪಿಯುಸಿ ಮಕ್ಕಳಿಗೆ ಕಣ್ಣಾರೆ ತೋರಿಸಬೇಕು. ಇಬ್ಬರು ಮೈ ತಾಕಿದರೂ ಎಳೆಗಳು ಒಬ್ಬರಿಂದ ಒಬ್ಬರಿಗೆ ಅಂಟುತ್ತವೆ. ಮೈಕ್ರೋಸ್ಕೋಪಿನಲ್ಲಿ ಹತ್ತಿ ತಿರುಚಿದ ರಿಬ್ಬನ್ ಥರ ಕಾಣುತ್ತದೆ. ಉಣ್ಣೆಯ ಮೇಲೆ ಸಣ್ಣ ಸಣ್ಣ ಹುರುಪೆ ಇರುತ್ತದೆ. ಕಚ್ಚಾ ರೇಷ್ಮೆಯಲ್ಲಿ ಎರಡು ಎಳೆ ಅಂಟಿನಿಂದ ಕೂಡಿಕೊಂಡಿರುತ್ತವೆ, ಅಡ್ಡ ಕೊಯ್ದರೆ ತ್ರಿಕೋನದಂತೆ ಕಾಣುತ್ತವೆ. ಇದನ್ನು ಪುಸ್ತಕದ ಚಿತ್ರದಲ್ಲಿ ನೋಡಿದರೆ ಸಾಲದು!

ಅಮೆರಿಕದ ಅಟ್ಲಾಂಟಾದಲ್ಲಿ 1982ರಲ್ಲಿ ವೇಯ್ನ್ ವಿಲಿಯಮ್ಸ್ ಎಂಬಾತನಿಗೆ ಕೊಲೆ ಕೇಸಿನಲ್ಲಿ ಶಿಕ್ಷೆಯಾಗಲು ಕಾರ್ಪೆಟ್ಟಿನ ನೈಲಾನ್ ಎಳೆಗಳೇ ಮುಖ್ಯ ಸಾಕ್ಷಿಯಾಗಿದ್ದವು. ಆದರೆ ಬಿಳಿ ಹತ್ತಿ ಎಳೆ ಎಲ್ಲೆಲ್ಲೂ ಇರುತ್ತದೆ, ಅದನ್ನು ನಂಬಿ ಸುಮ್ನೆ ಯಾರ ಮೇಲೂ ಬೆರಳು ತೋರಿಸಲಾಗದು. ಇದೂ ಮಕ್ಕಳಿಗೆ ಗೊತ್ತಿರಬೇಕು ಅಲ್ವಾ?

ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್‌ಗಳು ಯಾರಾದರೂ ಬಣ್ಣ ಹಾಕದ ರೇಷ್ಮೆ ಎಳೆ ಸ್ವಲ್ಪ ಕೊಡುತ್ತೀರಾ? 400 ಪಟ್ಟು ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪ್ ಕೂಡ ಒಂದು ದಿನದ ಮಟ್ಟಿಗೆ ಬೇಕು. ಇದ್ದವರು ದಯವಿಟ್ಟು ಇಲ್ಲೇ ತಿಳಿಸಿ, ನಾನೇ ಬಂದು ತರುತ್ತೇನೆ.