ಹುಡ್‌ವಿಂಕ್: ಟೊಪ್ಪಿಯೋ, ಕಣ್ಕಟ್ಟೋ?

ಉಡುಪಿಯ ಒಂದು ಸಹಕಾರಿ ಸಂಘ ಹಿರಿಯರಿಗೆ ಹಂಚಲಿಕ್ಕೆಂದು ಮಾಡಿಸಿದ ಇಂಗ್ಲಿಷ್ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವೀಡಿಯೊ ಕರೆಯಲ್ಲಿ ಪೊಲೀಸ್ ವೇಷ ತೋರಿಸಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರ ವಿಷಯ, ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ ಎಂಬ ಮಾತು, ಸೈಬರ್ ವಂಚನೆಯ ದೂರು ಕೊಡುವ 1930 ಸಹಾಯವಾಣಿ, ಇವೆಲ್ಲ ಸಲೀಸಾಗಿ ಬಂದವು. ಕೈ ನಿಂತದ್ದು ಮೋಸಗೊಳಿಸು ಎಂಬರ್ಥದ ‘ಹುಡ್‌ವಿಂಕ್’ ಎಂಬ ಪದದ ಹತ್ತಿರ.

ಮೊದಲು ಹೊಳೆದದ್ದು ನಮ್ಮ ‘ಟೊಪ್ಪಿ ಹಾಕು’. ಹುಡ್ ಅಂದರೆ ತಲೆಗವಸು. ಅದೂ ಇದೂ ಮಂಡೆಗೆ ಹಾಕುವಂಥದ್ದೇ. ಆದರೆ ಬೇರು ಕೆದಕಿದರೆ ಈ ಜೋಡಿ ನಿಲ್ಲುವುದಿಲ್ಲ. ವಿಂಕ್ ಅಂದರೆ ಈಗ ಒಂದು ಕಣ್ಣು ಮಿಟುಕಿಸುವುದು. ಹಿಂದೆ ಎರಡೂ ಕಣ್ಣು ಮುಚ್ಚುವುದಾಗಿತ್ತು. ಮಧ್ಯಾಹ್ನದ ಸಣ್ಣ ಜೊಂಪಿಗೆ ‘ಫಾರ್ಟಿ ವಿಂಕ್ಸ್’ ಅನ್ನುವಾಗ ಆ ಹಳೆಯ ಅರ್ಥ ಈಗಲೂ ಉಸಿರಾಡುತ್ತಿದೆ. 16ನೇ ಶತಮಾನದಲ್ಲಿ ಹುಡ್‌ವಿಂಕ್ ಎಂದರೆ ಗವಸು ಎಳೆದೋ ಬಟ್ಟೆ ಕಟ್ಟಿಯೋ ಕಣ್ಣು ಮುಚ್ಚಿಸುವುದು, ಅಷ್ಟೇ. ಕಣ್ಣಿಗೆ ಬಟ್ಟೆ ಕಟ್ಟಿ ಆಡುವ ಆಟಕ್ಕೆ ಅವರಲ್ಲಿ ‘ಹುಡ್‌ಮ್ಯಾನ್ ಬ್ಲೈಂಡ್’ ಎಂಬ ಹೆಸರಿತ್ತು. ಮೋಸದ ಅರ್ಥ 17ನೇ ಶತಮಾನದ ಆರಂಭದಲ್ಲಿ ಸೇರಿಕೊಂಡಿತು. ಟೊಪ್ಪಿಯ ಮಾತಿನಲ್ಲಿ ಕಣ್ಣಿನ ಸುದ್ದಿಯೇ ಇಲ್ಲ. ನಮ್ಮ ಕಡೆಯ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆಯೂ ನೆತ್ತಿಯ ಮೇಲೆ ಕೂರುತ್ತದೆ, ಕಣ್ಣಿಗೆ ಇಳಿಯುವುದಿಲ್ಲ.

ನನಗೆ ಇದು ಬರೀ ಪದದ ಲೆಕ್ಕವಲ್ಲ. ನಮ್ಮ ವಠಾರದ ಹಿರಿಯರೊಬ್ಬರು ಇಂಥದೇ ಕರೆಗೆ ಹಣ ಕಳೆದುಕೊಂಡು ಎರಡು ವಾರ ಮನೆಯವರಿಗೂ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಅಂಗಡಿಯ ಹತ್ತಿರ “ಮಾಷ್ಟ್ರಿಗೂ ಟೊಪ್ಪಿ ಬಿತ್ತಂತೆ ಮಾರಾಯ” ಎಂದು ನಕ್ಕದ್ದನ್ನು ನಾನೇ ಕೇಳಿದೆ. ಟೊಪ್ಪಿ ಹಾಕಿಸಿಕೊಂಡವನು ನಮ್ಮಲ್ಲಿ ಪೆದ್ದ. ಪಂಗನಾಮವೂ ಹಾಗೆಯೇ. ಹುಡ್‌ವಿಂಕ್ ಆದವನ ಕಣ್ಣನ್ನು ಮಾತ್ರ ಬೇರೆಯವನು ಮುಚ್ಚಿದ್ದಾನೆ, ತಪ್ಪು ಮುಚ್ಚಿದವನದು. ನಾಚಿಕೆಯಿಂದ ಸುಮ್ಮನಾದವರು 1930ಕ್ಕೆ ಕರೆ ಮಾಡುವುದೂ ತಡವಾಗುತ್ತದೆ. ಹಾಗಾಗಿ ಕರಪತ್ರದಲ್ಲಿ ಟೊಪ್ಪಿ ಬೇಡವೇ ಬೇಡ ಎಂದು ನಿರ್ಧರಿಸಿದೆ.

‘ಚಳ್ಳೆಹಣ್ಣು ತಿನ್ನಿಸು’ ಹೊಂದುವುದಿಲ್ಲ, ಅದು ಹಿಡಿಯಲು ಬಂದವರಿಂದ ನುಣುಚಿಕೊಳ್ಳುವ ಮಾತು. ‘ಕಣ್ಣಿಗೆ ಮಣ್ಣೆರಚು’ ಹತ್ತಿರ ಬರುತ್ತದೆ. ಇನ್ನೂ ಹತ್ತಿರದ್ದು ‘ಕಣ್ಕಟ್ಟು’: ಕಣ್ಣು, ಕಟ್ಟು, ಎರಡೂ ಅಲ್ಲೇ ಇವೆ. ಕಣ್ಕಟ್ಟಿನಲ್ಲಿ ಬಟ್ಟೆಯೇ ಇರುವುದಿಲ್ಲ, ತೆರೆದ ಕಣ್ಣೇ ಮೋಸಕ್ಕೆ ಒಳಗಾಗುತ್ತದೆ. ವೀಡಿಯೊ ಕರೆಯ ನಕಲಿ ಪೊಲೀಸನಿಗೆ ಇದು ಇಂಗ್ಲಿಷ್ ಪದಕ್ಕಿಂತಲೂ ಚೆನ್ನಾಗಿ ಒಪ್ಪುತ್ತದೆ. ‘ಅವರ ಕಣ್ಕಟ್ಟಿಗೆ ಸಿಲುಕಬೇಡಿ’ ಎಂದು ಬರೆದು ಅಮ್ಮನಿಗೆ ಓದಿ ಹೇಳಿದೆ. “ಕಣ್ಕಟ್ಟು ಅಂದ್ರೆ ಜಾದೂ ಅಲ್ವಾ? ಅದ್ರಲ್ಲಿ ದುಡ್ಡು ಹೋಗುದಿಲ್ವಲ್ಲ” ಅಂದರು. ಅದೂ ಸರಿಯೇ.

‘ಮಂಕುಬೂದಿ ಎರಚು’ ಎಂಬುದನ್ನೂ ಪಕ್ಕಕ್ಕೆ ಬರೆದಿಟ್ಟಿದ್ದೇನೆ. ಹಣ ಹೋದದ್ದೂ ತಿಳಿಯಬೇಕು, ಹೋದವರು ತಲೆ ತಗ್ಗಿಸುವಂತೆಯೂ ಆಗಬಾರದು. ಅಂಥ ಮಾತು ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ಇದ್ದರೆ ತಿಳಿಸಿ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.